ಪೆಟ್ರೋಲಿನಲ್ಲಿ ಎಥೆನಾಲ್ ಎಷ್ಟಿದೆ ಎಂದು ಮನೆಯಲ್ಲೇ ತಿಳಿಯಬಹುದೇ?

ಪ್ರಶ್ನೆ: ನನ್ನ 2009ರ ಸ್ಕೂಟರನ್ನು ಮಳೆಗಾಲದಲ್ಲಿ ಮೂರು ವಾರ ಹೊರಗೆ ನಿಲ್ಲಿಸಿದ್ದೆ. ಈಗ ಸ್ಟಾರ್ಟ್ ಆಗುತ್ತಿಲ್ಲ. ಪೆಟ್ರೋಲಿನಲ್ಲಿ ಎಥೆನಾಲ್ ಹೆಚ್ಚಾಗಿದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಬಂಕಿನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ ಮಾಡಿಸಿದೆ, ಕಲೆ ಉಳಿಯಲಿಲ್ಲ. ಮನೆಯಲ್ಲೇ ಪರೀಕ್ಷಿಸುವ ದಾರಿ ಇದೆಯೇ?
– ಓದುಗರೊಬ್ಬರು, ಮದ್ದೂರು

ಉತ್ತರ: ದಾರಿ ಇದೆ. ಫಿಲ್ಟರ್ ಪೇಪರಿನ ಮೇಲೆ ಉಳಿಯುವ ಕಲೆ ಸೀಮೆಎಣ್ಣೆಯಂಥ ಕಲಬೆರಕೆಯ ಸುಳಿವು ಕೊಡುತ್ತದೆಯೇ ಹೊರತು ಎಥೆನಾಲನ್ನು ತೋರಿಸುವುದಿಲ್ಲ, ಏಕೆಂದರೆ ಎಥೆನಾಲ್ ಸಹ ಪೆಟ್ರೋಲಿನಂತೆಯೇ ಆರಿಹೋಗುತ್ತದೆ. ಎಥೆನಾಲನ್ನು ಹಿಡಿಯಲು ಬೇಕಾದದ್ದು ನೀರು. ಪೆಟ್ರೋಲ್ ನೀರಿನೊಡನೆ ಬೆರೆಯುವುದಿಲ್ಲ. ಎಥೆನಾಲ್ ಮಾತ್ರ ಪೆಟ್ರೋಲನ್ನು ಬಿಟ್ಟು ನೀರಿನ ಕಡೆಗೆ ಹೋಗುತ್ತದೆ.

ಶಾಲೆಯ ಪ್ರಯೋಗಾಲಯಗಳಲ್ಲಿರುವಂಥ 100 ಮಿಲಿಲೀಟರಿನ ಗಾಜಿನ ಅಳತೆ ಜಾಡಿಯಲ್ಲಿ 20ರ ಗೆರೆಯವರೆಗೆ ನೀರು ಹಾಕಿ, ಅದರ ಮೇಲೆ 100ರ ಗೆರೆಯವರೆಗೆ, ಎಂದರೆ 80 ಮಿಲಿಲೀಟರ್, ಪೆಟ್ರೋಲ್ ಸುರಿಯಿರಿ. ಬಿರಡೆ ಹಾಕಿ ಮೆಲ್ಲಗೆ ನಾಲ್ಕಾರು ಬಾರಿ ತಲೆಕೆಳಗು ಮಾಡಿ, ನಡುನಡುವೆ ಬಿರಡೆ ಸಡಿಲಿಸಿ ಆವಿಯನ್ನು ಹೊರಬಿಡಿ. ಕಾಲು ಗಂಟೆ ಅಲುಗಾಡಿಸದೆ ಇಟ್ಟರೆ ಕೆಳಗೆ ನೀರು, ಮೇಲೆ ಪೆಟ್ರೋಲ್ ಬೇರ್ಪಟ್ಟು, ನಡುವಿನ ಗಡಿ 20ಕ್ಕಿಂತ ಮೇಲೇರಿರುವುದು ಕಾಣುತ್ತದೆ. ಗಡಿ 28ರಲ್ಲಿದ್ದರೆ 80ರಲ್ಲಿ 8, ಎಂದರೆ ಶೇ. 10, 36ರಲ್ಲಿದ್ದರೆ ಶೇ. 20. ಆದರೆ ಎಥೆನಾಲ್ ನೀರಿಗೆ ಬೆರೆತಾಗ ಒಟ್ಟು ಗಾತ್ರ ತುಸು ಕುಗ್ಗುವುದರಿಂದ, ಜೊತೆಗೆ ಸ್ವಲ್ಪ ಎಥೆನಾಲ್ ಪೆಟ್ರೋಲಿನಲ್ಲೇ ಉಳಿಯುವುದರಿಂದ, ಶೇ. 20ರ ಪೆಟ್ರೋಲಿಗೂ ಗಡಿ 34 ಅಥವಾ 35ರ ಆಸುಪಾಸಿನಲ್ಲೇ ನಿಲ್ಲಬಹುದು. ಗಡಿ ಸ್ಪಷ್ಟವಾಗಿ ಕಾಣಲು ನೀರಿಗೆ ಒಂದು ಹನಿ ನೀಲಿ ಇಂಕು ಸೇರಿಸಿಕೊಳ್ಳಿ. ಅರಿಸಿನ ಬೇಡ, ಅದು ನೀರಿನಲ್ಲಿ ಸರಿಯಾಗಿ ಕರಗದೆ ಎಥೆನಾಲಿನಲ್ಲಿ ಕರಗಿ ನೋಟವನ್ನು ಗೊಂದಲಗೊಳಿಸುತ್ತದೆ.

ಇದನ್ನು ಅಡುಗೆಮನೆಯಲ್ಲಿ ಖಂಡಿತ ಮಾಡಬೇಡಿ. ದೇವರ ದೀಪ, ಒಲೆ, ಬೀಡಿ ಯಾವುದೂ ಹತ್ತಿರವಿರದ ಗಾಳಿಯಾಡುವ ಅಂಗಳದಲ್ಲಿ, ಮಕ್ಕಳನ್ನು ದೂರವಿಟ್ಟು ಮಾಡಿ.

ಫಲಿತಾಂಶ ಶೇ. 20ರ ಹತ್ತಿರ ಬಂದರೆ ಬಂಕಿನವರು ಮೋಸ ಮಾಡಿದ್ದಾರೆಂದು ಅರ್ಥವಲ್ಲ. ಕಬ್ಬಿನ ರಸ, ಕಾಕಂಬಿ, ಮೆಕ್ಕೆಜೋಳ ಮುಂತಾದವುಗಳಿಂದ ತಯಾರಾಗುವ ಎಥೆನಾಲನ್ನು ಸರಕಾರದ ನೀತಿಯಂತೆಯೇ ಪೆಟ್ರೋಲಿಗೆ ಬೆರೆಸಲಾಗುತ್ತಿದೆ. 2022ರಲ್ಲಿ ಶೇ. 10ರ ಗುರಿ ಮುಟ್ಟಿತು, ಶೇ. 20ರ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಮಾರಾಟಕ್ಕೆ ಬಂತು.

ನಿಮ್ಮ ಸ್ಕೂಟರಿನ ವಿಷಯದಲ್ಲಿ ನನಗೆ ಹೆಚ್ಚು ಅನುಮಾನವಿರುವುದು ನೀರಿನ ಮೇಲೆ. ಮೂರು ವಾರದ ಮಳೆಯಲ್ಲಿ ಟ್ಯಾಂಕಿನ ಮುಚ್ಚಳದಿಂದ ನೀರು ಇಳಿದಿದ್ದರೆ, ಅದು ಒಂದು ಮಿತಿ ಮೀರಿದ ಕೂಡಲೇ ಎಥೆನಾಲನ್ನು ಸೆಳೆದುಕೊಂಡು ಟ್ಯಾಂಕಿನ ತಳ ಸೇರುತ್ತದೆ. ಎಂಜಿನ್ನಿಗೆ ಹೋಗುವುದು ತಳದ ಆ ದ್ರವವೇ. ಆದ್ದರಿಂದ ಮೊದಲು ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ, ನೀರು ಬೆರೆಸದೆ ಹಾಗೆಯೇ ನೋಡಿ. ಎರಡು ಪದರ ಕಂಡರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು: ಟ್ಯಾಂಕನ್ನೂ ಕಾರ್ಬುರೇಟರನ್ನೂ ಪೂರ್ತಿ ಖಾಲಿ ಮಾಡಿಸಿ, ಹೊಸ ಪೆಟ್ರೋಲ್ ಹಾಕಿಸಿ. ಹಳೆಯ ಗಾಡಿಯಾದ್ದರಿಂದ ರಬ್ಬರ್ ಪೈಪು ಮತ್ತು ವಾಷರುಗಳು ಮೆತ್ತಗಾಗಿವೆಯೇ, ಬಿರುಕು ಬಿಟ್ಟಿವೆಯೇ ಎಂಬುದನ್ನೂ ಅದೇ ದಿನ ನೋಡಿಸಿಬಿಡಿ.

ಪರೀಕ್ಷೆಗೆ ಬಳಸಿದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿ ಹಾಕಬೇಡಿ, ಚರಂಡಿಗೂ ಸುರಿಯಬೇಡಿ. ಬಿಗಿಯಾದ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ತುಂಬಿ, ನೀರು ಬೆರೆತದ್ದೆಂದು ಹೇಳಿ ಮೆಕ್ಯಾನಿಕ್ ಕೈಗೆ ಕೊಡಿ.