ಯಾವುದರ ಅರ್ಧ?

ಬಾಯಿ ಕ್ಯಾನ್ಸರು ಕತ್ತಿನ ಗ್ರಂಥಿಗೆ ಹರಡಿದರೆ ಆಯಸ್ಸು ಅರ್ಧವಾಯಿತು ಅನ್ನುವ ಗೊಂದಲ ಈ ವರ್ಷ ನಾಲ್ಕನೇ ಸಲ ನನ್ನೆದುರು ಬಂದು ಕೂತಿತು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅವರು ಐವತ್ತು ದಾಟಿದವರು. ನಾಲಿಗೆ ಅಂಚಿನ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು, ಜೊತೆಗೆ ಕತ್ತಿನ ಗ್ರಂಥಿಗಳನ್ನೂ ತೆಗೆದಿದ್ದರು. ಈಗ ರೇಡಿಯೇಷನ್ ಬೇಡ ಅಂತ ಹಟ. ಮಗ ಬಾಗಿಲಲ್ಲೇ ನನ್ನನ್ನು ತಡೆದು, "ಮೇಡಂ, ಗ್ರಂಥಿಗೆ ಹರಡಿದ್ದು ಅಪ್ಪನಿಗೆ ಗೊತ್ತಿಲ್ಲ, ಹೇಳಬೇಡಿ" ಎಂದ.

ಅಪ್ಪನಿಗೆ ಗೊತ್ತಿತ್ತು. ಮಾತು ಇನ್ನೂ ಸ್ಪಷ್ಟವಾಗಿ ಬರುತ್ತಿರಲಿಲ್ಲ, ಮೊಮ್ಮಗಳ ಸ್ಲೇಟು ಹಿಡಿದು ಬಂದಿದ್ದರು. ಕೂತವರೇ ಬರೆದರು: "ಕತ್ತಿಗೆ ಬಂದರೆ ಆಯಸ್ಸು ಅರ್ಧ. ಮೊಬೈಲಲ್ಲಿ ಓದಿದೆ. ಇನ್ನು ಕರೆಂಟು ಯಾಕೆ?" ರೇಡಿಯೇಷನ್ನಿಗೆ ಅವರು ಹೇಳುವುದು ಕರೆಂಟು. ಮಗ ನೆಲ ನೋಡುತ್ತಿದ್ದ.

"ಯಾವುದರ ಅರ್ಧ?" ಅಂತ ಕೇಳಿದೆ.

ಬಳಪ ಅಲ್ಲೇ ನಿಂತಿತು.

ಅವರು ಓದಿದ್ದು ಸುಳ್ಳಲ್ಲ. ನಾಲಿಗೆ ಕ್ಯಾನ್ಸರಿನಲ್ಲಿ ಮುಂದೇನು ಅಂತ ಅಂದಾಜು ಮಾಡುವಾಗ ಕತ್ತಿನ ಗ್ರಂಥಿಗೇ ತೂಕ ಜಾಸ್ತಿ. ಅಲ್ಲಿಗೆ ಹರಡಿದವರಲ್ಲಿ ಐದು ವರ್ಷ ದಾಟುವವರ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಅದು ಒಂದು ದೊಡ್ಡ ಗುಂಪಿನ ತಲೆ ಎಣಿಕೆ, ಇವರೊಬ್ಬರ ಆಯಸ್ಸಲ್ಲ. ಒಂದು ಗ್ರಂಥಿಗೆ ಹರಡಿದವರೂ ಎಂಟಕ್ಕೆ ಹರಡಿದವರೂ ಅದೇ ಗುಂಪಿನಲ್ಲಿದ್ದಾರೆ. ಗ್ರಂಥಿಯ ಹೊದಿಕೆ ಒಡೆದು ರೋಗ ಹೊರಬಂದಿದ್ದರೆ ಅಪಾಯ ಇನ್ನೂ ಜಾಸ್ತಿ. 2018ರಿಂದ ಬಳಕೆಗೆ ಬಂದ ಹಂತ ನಿರ್ಧಾರದಲ್ಲಿ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಸ್ಲೇಟು ಇಸಕೊಂಡು ಅವರ ರಿಪೋರ್ಟಿನಲ್ಲಿದ್ದದ್ದನ್ನೇ ಬರೆದೆ: "28ರಲ್ಲಿ 1. ಹೊದಿಕೆ ಒಡೆದಿಲ್ಲ." ಅಂದರೆ ತೆಗೆದ 28 ಗ್ರಂಥಿಗಳಲ್ಲಿ ರೋಗ ಇದ್ದದ್ದು ಒಂದರಲ್ಲಿ ಮಾತ್ರ. ಆ 1ರ ಮೇಲೆ ಅವರು ಬೆರಳಿಟ್ಟರು, ತುಂಬಾ ಹೊತ್ತು ತೆಗೆಯಲಿಲ್ಲ. ಗುಣವಾಗುತ್ತದೆ ಅಂತ ನಾನು ಮಾತು ಕೊಡಲಿಲ್ಲ.

ಮಗನಿಗೆ ಬೇರೆ ಸಿಟ್ಟಿತ್ತು. ಕೈಗೆ ಗಂಟೇ ಸಿಗದಿದ್ದಾಗ ಕತ್ತು ಯಾಕೆ ಕೊಯ್ದರು ಅಂತ. ಮುಂಬೈನ ಟಾಟಾ ಆಸ್ಪತ್ರೆಯ ಅಧ್ಯಯನ 2015ರಲ್ಲಿ ಇದಕ್ಕೇ ಉತ್ತರ ಕೊಟ್ಟಿದೆ. ಆರಂಭದ ಹಂತದ ಬಾಯಿ ಕ್ಯಾನ್ಸರಿನಲ್ಲಿ ಕತ್ತಿನ ಗ್ರಂಥಿಗಳನ್ನು ಮೊದಲೇ ತೆಗೆದವರಲ್ಲಿ ಮೂರು ವರ್ಷಕ್ಕೆ ಬದುಕಿದ್ದವರು ಶೇ. 80. ಗಂಟು ಕಾಣಿಸಲಿ ಅಂತ ಕಾದವರಲ್ಲಿ ಶೇ. 67.5. ಇವನ ಅಪ್ಪನ ಆ ಒಂದು ಗ್ರಂಥಿ ಯಾರ ಕೈಗೂ ಸಿಕ್ಕಿರಲಿಲ್ಲ, ಅಲ್ವಾ?

ಡಾಕ್ಟರಲ್ಲದ ನೀನು ರಿಪೋರ್ಟ್ ಯಾಕೆ ಬಿಡಿಸಿ ಹೇಳಿದೆ ಅಂತ ಸಹೋದ್ಯೋಗಿಯೊಬ್ಬರು ಗದರಿದರು. ರೋಗಿಯ ಡಾಕ್ಟರ ಹತ್ತಿರ ಮೊದಲೇ ಕೇಳಿಕೊಂಡಿದ್ದೆ. ಸುಮ್ನೆ ಧೈರ್ಯ ಹೇಳಿ ಕಳಿಸಬಹುದಿತ್ತು, ನಿಜ. ಆದರೆ ರೇಡಿಯೇಷನ್ ಆಪರೇಷನ್ ಆದ ಆರು ವಾರದೊಳಗೆ ಶುರುವಾದರೆ ಒಳ್ಳೆಯದು, ಇವರಿಗೆ ಆಗಲೇ 24 ದಿನ ಕಳೆದಿತ್ತು. ಮುಚ್ಚಿಟ್ಟಿದ್ದರಿಂದಲೇ ಇವರು ಒಬ್ಬರೇ ರಾತ್ರಿ ಮೊಬೈಲು ಹಿಡಿದು ಕೂತಿದ್ದು.

ನಾನು ಹೇಳಿದ್ದಿಷ್ಟು. ಡಾಕ್ಟರ ಹತ್ತಿರ ಅಪ್ಪ, ಮಗ ಇಬ್ಬರೂ ಒಟ್ಟಿಗೇ ಹೋಗಿ. ರೇಡಿಯೇಷನ್ನಿಂದ ನಿಮಗೆಷ್ಟು ಲಾಭ, ಎಷ್ಟು ತೊಂದರೆ ಅಂತ ಕೇಳಿ, ಆಮೇಲೆ ಬೇಡ ಅನ್ನಿ. ಅದಕ್ಕೂ ಮೊದಲು ಹಲ್ಲು ತೋರಿಸಿ. ರೇಡಿಯೇಷನ್ ಆದಮೇಲೆ ಹಲ್ಲು ಕೀಳಿಸಿದರೆ ದವಡೆ ಮೂಳೆ ಬೇಗ ಮಾಯುವುದಿಲ್ಲ.

ಅವರು ತೋಳಿನಿಂದಲೇ ಸ್ಲೇಟು ಒರೆಸಿದರು. 1 ಒಂದನ್ನು ಬಿಟ್ಟು. ಅದರ ಪಕ್ಕದಲ್ಲಿ ಬರೆದರು: "ಹಲ್ಲಿನ ಡಾಕ್ಟರು ಎಷ್ಟು ಗಂಟೆಗೆ ಸಿಗ್ತಾರೆ?"