ಹಳೆಯ ಸ್ಮಿತ್ ಆ್ಯಂಡ್ ವೆಸನ್ ಚಿನ್ನವೇ, ಹೊಸದು ತಗಡೇ?

ಪ್ರಶ್ನೆ: ನಾನು ಶಿವಮೊಗ್ಗ ಕಡೆಯವನು. ಹದಿನಾಲ್ಕು ವರ್ಷಗಳಿಂದ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ಎರಡು ವರ್ಷಗಳಿಂದ ಇಲ್ಲಿನ ಶೂಟಿಂಗ್ ಕ್ಲಬ್ಬಿಗೆ ಹೋಗಿ ಗುರಿ ಅಭ್ಯಾಸ ಮಾಡುತ್ತಿದ್ದೇನೆ. ಈಗ ಸ್ವಂತಕ್ಕೆ ಒಂದು .357 ಮ್ಯಾಗ್ನಮ್ (ಬಿರುಸಾದ ತೋಟೆಯ) ರಿವಾಲ್ವರ್ ಕೊಳ್ಳುವ ಆಸೆ. ಅಂಗಡಿಯಲ್ಲಿ ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಹೊಚ್ಚ ಹೊಸ ಮಾಡೆಲ್ 686 ನೋಡಿ ಬಂದೆ. ಕ್ಲಬ್ಬಿನ ಹಿರಿಯರೊಬ್ಬರು ಮಾತ್ರ ‘2001ರಿಂದೀಚೆಗೆ ಬಂದದ್ದನ್ನು ಮುಟ್ಟಲೇಬೇಡ, ಅದೆಲ್ಲ ಪುಡಿ ಒತ್ತಿ ಮಾಡಿದ ಮಾಲು’ ಎನ್ನುತ್ತಾರೆ. ಅದೇ ಕಂಪನಿಯ, ಅವರ ಬಳಿಯಿರುವ 1978ರ ಮಾಡೆಲ್ 19 ಮಾರಾಟಕ್ಕಿದೆ, ಬೆಲೆ ಹೆಚ್ಚುಕಡಿಮೆ ಅಷ್ಟೇ. ಹೊಸ ರಿವಾಲ್ವರ್‌ಗಳು ನಿಜವಾಗಿಯೂ ಹಳೆಯವುಗಳ ಸಮಕ್ಕೆ ಬರುವುದಿಲ್ಲವೇ?

ಉತ್ತರ: ನಿಮ್ಮ ಹಿರಿಯರ ಮಾತಿನಲ್ಲಿ ಅರ್ಧ ಲೋಹವಿದೆ, ಅರ್ಧ ಸಿಟ್ಟಿದೆ. ಮೊದಲು ಸಿಟ್ಟಿನ ಪಾಲನ್ನು ಬೇರೆ ಮಾಡೋಣ.

2001 ಎಂಬ ಗೆರೆ ಕಾರ್ಖಾನೆಯ ಕುಲುಮೆಯಲ್ಲಿ ಹುಟ್ಟಿದ್ದಲ್ಲ. 2000ದ ಮಾರ್ಚ್‌ನಲ್ಲಿ ಈ ಕಂಪನಿ ಕ್ಲಿಂಟನ್ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಬಂದೂಕುಗಳಿಗೆ ಬೀಗ ಅಳವಡಿಸುವುದು ಅದರ ಷರತ್ತುಗಳಲ್ಲೊಂದು. ಅಮೆರಿಕದ ಬಂದೂಕುಪ್ರಿಯರಿಗೆ ಇದು ಮನೆಯವರೇ ಮಾಡಿದ ದ್ರೋಹವಾಗಿ ಕಂಡಿತು. ಖರೀದಿಸುವವರು ಬಹಿಷ್ಕಾರ ಹಾಕಿದರು, ವ್ಯಾಪಾರ ನೆಲಕಚ್ಚಿತು. 1987ರಲ್ಲಿ ಹನ್ನೊಂದು ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕಂಪನಿಯನ್ನು ಕೊಂಡಿದ್ದ ಬ್ರಿಟನ್ನಿನ ಟಾಮ್ಕಿನ್ಸ್ ಸಂಸ್ಥೆ, 2001ರಲ್ಲಿ ಸಾಲದ ಹೊರೆಯನ್ನೂ ಜೊತೆಗೆ ಹೊರಿಸಿ ಬರೀ ಒಂದೂವರೆ ಕೋಟಿ ಡಾಲರಿಗೆ ಮಾರಿ ಕೈತೊಳೆದುಕೊಂಡಿತು. ಕೊಂಡದ್ದು ಯಾರು? ಅರಿಜೋನಾದ ಸೇಫ್-ಟಿ-ಹ್ಯಾಮರ್, ಅಂದರೆ ಬಂದೂಕಿನ ಬೀಗ ಮಾಡುತ್ತಿದ್ದ ಕಂಪನಿ! ಬೀಗ ಮಾಡುವವರ ಕೈಗೆ ಬಂದ ರಿವಾಲ್ವರ್‌ಗಳಿಗೆ ಎಡಬದಿಯಲ್ಲಿ, ತೋಟೆ ತುಂಬುವ ಸಿಲಿಂಡರ್ ಬಿಚ್ಚುವ ಗುಂಡಿಯ ಮೇಲೆ, ಒಂದು ಸಣ್ಣ ಕೀಲಿ ತೂತು ಬಂತು. ಅಲ್ಲಿಯ ಜನ ಅದಕ್ಕೆ ಕ್ಲಿಂಟನ್ ಪತ್ನಿಯ ಹೆಸರಿನಲ್ಲಿ ‘ಹಿಲರಿ ತೂತು’ ಎಂದು ಹೆಸರಿಟ್ಟರು. ತೂತಿಗೆ ಇಟ್ಟ ಹೆಸರೇ ಹೇಳುತ್ತದೆ, ಸಿಟ್ಟು ಯಾರ ಮೇಲಿನದು ಎಂದು.

ಆ ಬೀಗದಿಂದ ತೊಂದರೆಯೇ ಇಲ್ಲವೆಂದೇನೂ ಹೇಳಲಾರೆ. ತೀರ ಹಗುರವಾದ ರಿವಾಲ್ವರ್‌ಗಳಲ್ಲಿ ಬಿರುಸಾದ ಮ್ಯಾಗ್ನಮ್ ತೋಟೆ ಹಾರಿಸಿದಾಗ, ಹಿಂದೊದೆತದ ಹೊಡೆತಕ್ಕೆ ಬೀಗ ತಾನಾಗಿಯೇ ಹಾಕಿಕೊಂಡುಬಿಟ್ಟ ಪ್ರಕರಣಗಳು ಇವೆ. ಅಪರೂಪ, ಆದರೆ ಇವೆ. ನೀವು ನೋಡಿರುವ 686 ಒಂದು ಕಿಲೋಗೂ ಹೆಚ್ಚು ತೂಗುವ ಉಕ್ಕಿನ ಮುದ್ದೆ, ಅದೂ ಗುರಿ ಅಭ್ಯಾಸಕ್ಕೆ. ಆ ಭಯ ನಿಮಗೆ ಬೇಡ. ಅಂದ ಕೆಡಿಸುವ ತೂತು ಎಂದರೆ ಮಾತ್ರ ನಾನೂ ಒಪ್ಪುತ್ತೇನೆ. ಗಿರಾಕಿಗಳ ಗೊಣಗಾಟ ಕಂಪನಿಗೂ ಕೇಳಿಸಿದೆ. 2024ರಲ್ಲಿ ಬೀಗವಿಲ್ಲದ ಸಣ್ಣ ರಿವಾಲ್ವರ್‌ಗಳನ್ನು ಮತ್ತೆ ಹೊರತಂದಿತು.

ಇನ್ನು ‘ಪುಡಿ ಒತ್ತಿ ಮಾಡಿದ’ ಮಾತು. ನಮ್ಮ ಮಲೆನಾಡಿನ ಕೋವಿಯ ಭಾಷೆಯಲ್ಲಿ ಕುದುರೆ ಎನ್ನುತ್ತೇವಲ್ಲ, ಆ ಹ್ಯಾಮರನ್ನೂ ಬೆರಳಿನಿಂದ ಎಳೆಯುವ ಟ್ರಿಗರನ್ನೂ ಹಿಂದೆ ಉಕ್ಕನ್ನು ಬಡಿದು, ಕೊರೆದು, ಮೇಲ್ಮೈಯನ್ನಷ್ಟೇ ಗಟ್ಟಿ ಮಾಡಿ ತಯಾರಿಸುತ್ತಿದ್ದರು. ಕಂದು, ನೀಲಿ, ಬೂದು ಬಣ್ಣಗಳು ಮೋಡದಂತೆ ಕಲೆಸಿದ ಆ ಮೇಲ್ಮೈ ನೋಡಲು ಬಲು ಚೆಂದ. 1990ರ ದಶಕದಿಂದ ವಿಧಾನ ಬದಲಾಯಿತು. ನುಣ್ಣನೆಯ ಲೋಹದ ಪುಡಿಗೆ ಅಂಟು ಬೆರೆಸಿ, ಅಚ್ಚಿಗೆ ಒತ್ತಿ, ಆಮೇಲೆ ಅಂಟನ್ನು ತೆಗೆದು, ಕುಲುಮೆಯಲ್ಲಿ ಕರಗುವುದಕ್ಕೆ ಸ್ವಲ್ಪ ಮುಂಚಿನ ಕಾವಿನಲ್ಲಿ ಬೇಯಿಸುತ್ತಾರೆ. ಕಣಗಳು ಒಂದಕ್ಕೊಂದು ಬೆಸೆದುಕೊಂಡು ತುಂಡು ಕುಗ್ಗಿ ಗಟ್ಟಿಯಾಗುತ್ತದೆ. ಇದು ಎರಕವಲ್ಲ, ತಗಡಂತೂ ಅಲ್ಲ. ಚೆಂದವಿಲ್ಲ, ನಿಜ. ಟ್ರಿಗರಿನ ಹಿಂಬದಿ ಟೊಳ್ಳಾಗಿರುವುದು ಕಣ್ಣಿಗೆ ಕಿರಿಕಿರಿ ಮಾಡುತ್ತದೆ. ಆದರೆ ಸಾವಿರ ತುಂಡು ಮಾಡಿದರೂ ಅಳತೆ ಒಂದೇ ಇರುತ್ತದೆ. ಹಳೆಯದರಲ್ಲಿ ಪ್ರತಿಯೊಂದನ್ನೂ ಅರ ಹಿಡಿದು ಉಜ್ಜಿ ಕೂರಿಸಬೇಕಿತ್ತು. ಕುಶಲಿಯ ಕೈಗೆ ಸಿಕ್ಕಿದ್ದರೆ ಬೆಣ್ಣೆ, ಶುಕ್ರವಾರ ಸಂಜೆ ಮನೆಗೆ ಹೊರಡುವ ಆತುರದವನಿಗೆ ಸಿಕ್ಕಿದ್ದರೆ ಮರಳು.

‘ಹಳೆಯದು’ ಎಂದರೆ ಯಾವ ಹಳೆಯದು ಎಂದು ನಾನು ಕೇಳುವುದು ಇದಕ್ಕೇ. 1935ರಲ್ಲಿ ಮೊದಲ .357 ಮ್ಯಾಗ್ನಮ್ ಹೊರಬಂದಾಗ ಒಂದೊಂದನ್ನೂ ಗಿರಾಕಿಯ ಹೆಸರಿನಲ್ಲಿ ನೋಂದಾಯಿಸಿ ಕೊಡುತ್ತಿದ್ದರು. 1950ರ ದಶಕದ ರಿವಾಲ್ವರ್‌ಗಳ ಕನ್ನಡಿಯಂಥ ನೀಲಿ ಹೊಳಪು, ಪಕ್ಕದ ಮುಚ್ಚಳದ ಕೂಡುಗೆರೆ ಬೆಳಕಿಗೆ ಹಿಡಿದರೂ ಕಾಣದ ಹಾಗೆ ಕೂತಿರುವ ಬಗೆ, ಇವತ್ತಿನ ಯಾವ ಬೆಲೆಯ ಮಾಲಿನಲ್ಲೂ ನನಗೆ ಕಂಡಿಲ್ಲ. ಅಲ್ಲಿ ಹಳೆಯದೇ ಗೆದ್ದಿತು, ವಾದವಿಲ್ಲ. ಆದರೆ 1965ರಲ್ಲಿ ಕಂಪನಿ ಬ್ಯಾಂಗರ್ ಪುಂಟಾ ಎಂಬ ಹತ್ತು ಹಲವು ವ್ಯವಹಾರಗಳ ಸಂಸ್ಥೆಯ ಕೈಸೇರಿತು. ಎಪ್ಪತ್ತರ ದಶಕದ ಮಾಲಿನಲ್ಲಿ ಏರುಪೇರು ಬಹಳ. ಆಗ ಕೊಂಡವರು ‘ಇದೇನು, ಐವತ್ತರ ದಶಕದ ಕೆಲಸದ ಮುಂದೆ’ ಎಂದು ಗೊಣಗುತ್ತಿದ್ದರು. ಈಗ ಅದೇ ರಿವಾಲ್ವರ್ ಚಿನ್ನವಾಗಿದೆ! ನಿಮ್ಮ ಹಿರಿಯರ 1978ರದ್ದು ಆ ಕಾಲದ್ದೇ. ಸಿಲಿಂಡರ್ ಹೊರಗೆ ತೆರೆದರೆ ಚೌಕಟ್ಟಿನ ಮೇಲೆ ಸಂಖ್ಯೆ ಕಾಣುತ್ತದೆ, ಬಹುಶಃ 19-4 ಎಂದಿರುತ್ತದೆ. ಅಡ್ಡಗೆರೆಯ ಮುಂದಿನ ಅಂಕಿ ಎಷ್ಟನೆಯ ಮಾರ್ಪಾಡು ಎಂಬುದರ ಗುರುತು. ಬ್ಯಾರೆಲನ್ನು ಚೌಕಟ್ಟಿಗೆ ಬಿಗಿದಿರುವ ಅಡ್ಡ ಮೊಳೆ, ತೋಟೆಯ ಅಂಚು ಒಳಗೆ ಕೂರುವ ಗುಳಿ, ಎರಡೂ ಅದರಲ್ಲಿರಬೇಕು. ಸಂಗ್ರಾಹಕರು ಇವೆರಡಕ್ಕಾಗಿ ಬಾಯಿ ಬಿಡುತ್ತಾರೆ. ಸುಮಾರು 1982ರಲ್ಲಿ ಕಂಪನಿ ಎರಡನ್ನೂ ಕೈಬಿಟ್ಟಿತು. ಅದರಿಂದ ಗುಂಡು ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ.

ಮಾಡೆಲ್ 19ರ ನಿಜವಾದ ದೌರ್ಬಲ್ಯ ಬೇರೆಡೆ ಇದೆ. ನಿಮ್ಮ ಹಿರಿಯರು ಅದನ್ನು ಹೇಳಿದ್ದಾರೋ ಇಲ್ಲವೋ. 1955ರಲ್ಲಿ ಇದನ್ನು ತಂದದ್ದು ಪೊಲೀಸರಿಗಾಗಿ: ಇಡೀ ದಿನ ಸೊಂಟದಲ್ಲಿ ಹೊರುವವರಿಗೆ ಹಗುರವಾದ ಚೌಕಟ್ಟಿನಲ್ಲಿ ಮ್ಯಾಗ್ನಮ್. ಅಷ್ಟು ಸಣ್ಣ ಚೌಕಟ್ಟಿನೊಳಗೆ ಎಲ್ಲವನ್ನೂ ಹಿಡಿಸಲು, ಗುಂಡು ಸಿಲಿಂಡರಿನಿಂದ ಬ್ಯಾರೆಲಿಗೆ ಹಾರುವ ಬಾಯಿಯ ಕೆಳಭಾಗವನ್ನು ಚಪ್ಪಟೆಯಾಗಿ ಕೆತ್ತಬೇಕಾಯಿತು. ಅಲ್ಲಿ ಉಕ್ಕು ತೆಳು. ಅಭ್ಯಾಸಕ್ಕೆ ಅದೇ ಸಿಲಿಂಡರಿನಲ್ಲಿ ಕೂರುವ, ಬಿರುಸು ಕಡಿಮೆಯ .38 ಸ್ಪೆಷಲ್ ತೋಟೆ, ಕೆಲಸಕ್ಕೆ ಮಾತ್ರ .357 ಎಂಬ ಲೆಕ್ಕದಲ್ಲಿ ಇದು ನಡೆಯುತ್ತಿತ್ತು. ಮುಂದೆ ಪೊಲೀಸ್ ಇಲಾಖೆಗಳು ಅಭ್ಯಾಸಕ್ಕೂ ಮ್ಯಾಗ್ನಮ್ಮನ್ನೇ, ಅದರಲ್ಲೂ 125 ಗ್ರೇನಿನ (ಸುಮಾರು ಎಂಟು ಗ್ರಾಂ) ಹಗುರ, ವೇಗದ ಗುಂಡನ್ನು, ಬಳಸತೊಡಗಿದ ಮೇಲೆ ಆ ತೆಳು ಜಾಗ ಬಿರುಕು ಬಿಡತೊಡಗಿತು. ಇದಕ್ಕೆ ಉತ್ತರವಾಗಿಯೇ 1980ರ ದಶಕದ ಆರಂಭದಲ್ಲಿ ಸ್ವಲ್ಪ ದೊಡ್ಡ ಚೌಕಟ್ಟಿನ 586, 686 ಹುಟ್ಟಿದವು. ನೀವು ಅಂಗಡಿಯಲ್ಲಿ ಕಂಡ 686, ಆ ಹಳೆಯ 19ರ ತಪ್ಪನ್ನು ತಿದ್ದಲೆಂದೇ ಹುಟ್ಟಿದ ತಮ್ಮ. 19ರ ಸ್ಟೇನ್‌ಲೆಸ್ ಅವತಾರವಾದ 66ನ್ನು 2014ರಲ್ಲಿ ಮತ್ತೆ ತಂದಾಗಲಂತೂ ಆ ಚಪ್ಪಟೆ ಕೆತ್ತನೆಯನ್ನೇ ತೆಗೆದುಹಾಕಿದ್ದಾರೆ. ಹೊಸತು ಹಳೆಯದಕ್ಕಿಂತ ಗಟ್ಟಿ ಎಂದು ಬೆರಳಿಟ್ಟು ತೋರಿಸಬಹುದಾದ ಜಾಗವಿದು.

ಹಾಗೆಂದು 686 ಹುಟ್ಟುವಾಗಲೇ ಪರಿಶುದ್ಧವಾಗಿತ್ತೇ? ಇಲ್ಲ. 1987ರ ಆಗಸ್ಟ್‌ಗೆ ಮೊದಲಿನ 686ಗಳಲ್ಲಿ ಕೆಲವು ತೋಟೆಗಳಿಗೆ ಸಿಲಿಂಡರ್ ಕಚ್ಚಿಕೊಳ್ಳುತ್ತಿತ್ತು. ಕಂಪನಿ ಅವನ್ನು ವಾಪಸ್ ತರಿಸಿ, ತಿದ್ದಿ, ಒಳಗೆ ‘ಎಂ’ ಅಕ್ಷರ ಒತ್ತಿ ಕಳಿಸಿತು. ಕೈಕೆಲಸದ ಸುವರ್ಣಯುಗ ಎನ್ನುವವರು ಈ ಅಕ್ಷರವನ್ನು ಮರೆಯುತ್ತಾರೆ.

ಹೊಸದರ ದೂರುಗಳೂ ಸುಳ್ಳಲ್ಲ. ಬ್ಯಾರೆಲ್ ತಿರುಪು ಒಂಚೂರು ಹೆಚ್ಚುಕಡಿಮೆಯಾಗಿ ಮುಂಗುರಿ (ಗುರಿ ಹಿಡಿಯಲು ಬ್ಯಾರೆಲಿನ ತುದಿಯಲ್ಲಿರುವ ಮೊನೆ) ಪಕ್ಕಕ್ಕೆ ವಾಲಿರುವುದು, ಒಳ ಅಂಚುಗಳಲ್ಲಿ ಚೂರುಗಳು ಹಾಗೇ ಉಳಿದಿರುವುದು, ಇಂಥವು ಅಂಗಡಿಯ ಗಾಜಿನ ಪೆಟ್ಟಿಗೆಯವರೆಗೂ ಬಂದುಬಿಡುತ್ತವೆ. ಹಿಂದೆ ಇದನ್ನು ಹಿಡಿಯುತ್ತಿದ್ದದ್ದು ಜೋಡಿಸುವವನ ಕಣ್ಣು. ಯಂತ್ರ ಅಳತೆ ತಪ್ಪುವುದಿಲ್ಲ, ನಿಜ. ಆದರೆ ಯಂತ್ರಕ್ಕೆ ನಾಚಿಕೆಯೂ ಇಲ್ಲ.

ಆದ್ದರಿಂದ ಇಸವಿ ನೋಡಿ ಕೊಳ್ಳಬೇಡಿ, ಕೈಯಲ್ಲಿರುವುದನ್ನು ನೋಡಿ ಕೊಳ್ಳಿ. ಯಾವುದನ್ನೇ ಆಗಲಿ, ಖಾಲಿ ಇದೆಯೇ ಎಂದು ಎರಡು ಸಲ ನೋಡಿದ ಮೇಲೆ, ಮಾರುವವರ ಒಪ್ಪಿಗೆ ಕೇಳಿ ಕುದುರೆಯನ್ನು ನಿಧಾನವಾಗಿ ಹಿಂದಕ್ಕೆಳೆಯಿರಿ. ಕುದುರೆ ಪೂರ್ತಿ ನಿಲ್ಲುವ ಮೊದಲೇ ಸಿಲಿಂಡರ್ ‘ಟಕ್’ ಎಂದು ಕೂತುಬಿಡಬೇಕು. ಆರೂ ಕೋಣೆಗಳಿಗೆ ಹೀಗೇ ನೋಡಿ (686ರಲ್ಲಿ ಏಳು ಕೋಣೆಯದೂ ಉಂಟು). ಸಿಲಿಂಡರನ್ನು ಹಿಂದೆ ಮುಂದೆ ಅಲುಗಿಸಿದಾಗ ಆಟ ಕೈಗೆ ತಿಳಿಯುವಷ್ಟಿದ್ದರೆ ಬಿಟ್ಟುಬಿಡಿ. ಬ್ಯಾರೆಲಿಗೂ ಸಿಲಿಂಡರಿಗೂ ನಡುವಿನ ಸಂದು, ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನಾಲ್ಕರಿಂದ ಹತ್ತು ಪಾಲಿನೊಳಗಿರಲಿ. ಆರರ ಆಸುಪಾಸು ಇದ್ದರೆ ಒಳ್ಳೆಯದು. 19ರಲ್ಲಿ ಟಾರ್ಚ್ ಹಿಡಿದು ಆ ಬಾಯಿಯ ಕೆಳಭಾಗವನ್ನು, ಮಸಿ ಒರೆಸಿಸಿ, ಭೂತಗನ್ನಡಿಯಲ್ಲಿ ನೋಡಿ. ಕೂದಲಿನಂಥ ಗೆರೆ ಕಂಡರೂ ನಮಸ್ಕಾರ ಹೇಳಿ ಬನ್ನಿ. ಆ ಕಾಲದ ಬ್ಯಾರೆಲ್ ಈಗ ಹುಡುಕಿದರೂ ಸಿಗುವುದು ಕಷ್ಟ. ಹೊಸ 686ರಲ್ಲಿ ಹಿಂದಿನಿಂದ ನೋಡಿ ಮುಂಗುರಿ ನೆಟ್ಟಗಿದೆಯೇ ಎಂದು ಪರೀಕ್ಷಿಸಿ. ವಾಲಿದ್ದರೆ ಅಂಗಡಿಯವರಿಗೆ ಇನ್ನೊಂದನ್ನು ತೆಗೆಯಲು ಹೇಳಿ, ಸಂಕೋಚ ಬೇಡ.

ನನ್ನನ್ನೇ ಕೇಳಿದರೆ, ವಾರವಾರ ಮ್ಯಾಗ್ನಮ್ ಹಾರಿಸುವವರಿಗೆ 686. ಮುಂದೊಂದು ದಿನ ಕೆಟ್ಟರೂ ಕಂಪನಿಗೆ ಕಳಿಸಬಹುದು, ಬಿಡಿಭಾಗ ಸಿಗುತ್ತದೆ. 19ರ ಮೇಲೆ ಮನಸ್ಸಾಗಿದ್ದರೆ ಅದನ್ನೂ ತಪ್ಪೆನ್ನಲಾರೆ, ಕೈಗೆ ಅದರ ತೂಕ ಕೂರುವ ಬಗೆಯೇ ಬೇರೆ. ಆದರೆ ಅದಕ್ಕೆ .38 ಸ್ಪೆಷಲ್ ತಿನ್ನಿಸಿ. ಹುಟ್ಟಿಸಿದವರೇ ಅದಕ್ಕೆ ಹಾಕಿಕೊಟ್ಟ ಪಥ್ಯ ಅದು.

ಊರಿನಲ್ಲಿ ‘ಫಾರಿನ್ ರಿವಾಲ್ವರ್’ ಎಂದರೆ ಲಕ್ಷಗಟ್ಟಲೆ ಬೆಲೆ ಕೇಳಿ ಬೆಳೆದ ಕಿವಿ ನಿಮ್ಮದೂ ಇರಬಹುದು. ಆ ಬೆಲೆ ಗುಣದ್ದಲ್ಲ. 1980ರ ದಶಕದಲ್ಲಿ ಭಾರತ ಆಮದು ನಿಲ್ಲಿಸಿದ್ದರಿಂದ ಹುಟ್ಟಿದ ಅಭಾವದ್ದು. ಅಲ್ಲಿ ಲೈಸೆನ್ಸುದಾರರ ಮುಂದಿದ್ದ ಆಯ್ಕೆ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಅಥವಾ ಅಜ್ಜನ ಕಾಲದ ಆಮದು ಮಾಲು, ಹಾಗಾಗಿ ಹಳೆಯದಕ್ಕೆ ಮುಗಿಬೀಳುತ್ತಿದ್ದರು. ನಿಮ್ಮಲ್ಲಿ ಆ ಅಭಾವವಿಲ್ಲ, ಅದರ ಲೆಕ್ಕವನ್ನು ಪೆನ್ಸಿಲ್ವೇನಿಯಾಕ್ಕೆ ಹೊತ್ತುಕೊಂಡು ಹೋಗಬೇಡಿ.

ಇದನ್ನು ಓದುವ ಎಚ್-1ಬಿ ವೀಸಾದ ಗೆಳೆಯರಿಗೆ ಒಂದು ಮಾತು: ಗ್ರೀನ್ ಕಾರ್ಡ್ ಇರುವ ಈ ಓದುಗರಿಗೆ ಇರುವ ಅವಕಾಶ ನಿಮಗಿಲ್ಲ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ, ವಲಸೆಯೇತರ ವೀಸಾದವರು ಬಂದೂಕು ಇಟ್ಟುಕೊಳ್ಳುವುದು ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಅಪರಾಧ. ಅಂಗಡಿಗೆ ಹೋಗುವ ಮೊದಲು ವಕೀಲರನ್ನು ಕಾಣಿರಿ.