ಕೇಳದೆ ಬಂದ ಹುದ್ದೆ, ಕೇಳಿದರೂ ಬಾರದ ಹುದ್ದೆ: ಒಂದು ಆಪ್ತಸಲಹೆ ಪ್ರಕರಣ

ಅಮೆರಿಕದ ನ್ಯೂ ಜೆರ್ಸಿ ರಾಜ್ಯದ ಸರ್ಕಾರಿ ಹೈಸ್ಕೂಲೊಂದರಲ್ಲಿ ಆಪ್ತಸಲಹೆಗಾರ್ತಿಯಾಗಿ ನಾನು ನಿರ್ವಹಿಸಿದ ಪ್ರಕರಣವಿದು. ವಿದ್ಯಾರ್ಥಿನಿಯ ಮತ್ತು ಆಕೆಯ ತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿ ಬರೆದಿದ್ದೇನೆ. ಹುಡುಗಿಯನ್ನು ಇಲ್ಲಿ ನವೋಮಿ ಎಂದು ಕರೆಯುತ್ತೇನೆ.

ಹನ್ನೊಂದನೆಯ ತರಗತಿಯ ಮೊದಲ ಅವಧಿ ಮುಗಿಯುವ ಮುನ್ನವೇ ಅವಳು ಆನರ್ಸ್ ಎಂಬ ಮೇಲಿನ ಮಟ್ಟದ ಪ್ರಿ-ಕ್ಯಾಲ್ಕುಲಸ್ ಗಣಿತವನ್ನು ಬಿಟ್ಟು ಸಾಮಾನ್ಯ ಮಟ್ಟದ ತರಗತಿಗೆ ಹೋಗಲು ಅರ್ಜಿ ಕೊಟ್ಟಿದ್ದಳು. ಅದಕ್ಕೆ ಸಹಿ ಹಾಕುವ ಮೊದಲು ಒಮ್ಮೆ ಮಾತನಾಡಿಸಿ ನೋಡಿ ಎಂದು ಗಣಿತದ ಶಿಕ್ಷಕರು ಅವಳನ್ನು ನನ್ನ ಬಳಿ ಕಳುಹಿಸಿದರು. ಅಂಕಗಳು ಇಳಿದಿದ್ದವು, ಆದರೆ ತರಗತಿಯನ್ನೇ ಬಿಡುವಷ್ಟು ಇಳಿದಿರಲಿಲ್ಲ. ಆ ತರಗತಿಯಲ್ಲಿದ್ದ ಕಪ್ಪು ಜನಾಂಗದ ವಿದ್ಯಾರ್ಥಿ ಅವಳೊಬ್ಬಳೇ. ಹೀಗಿರುವಾಗ ಪಾಠ ಕಷ್ಟವಾಗಿರಬೇಕು ಎಂದೋ, ಒಂಟಿತನ ಕಾಡುತ್ತಿರಬೇಕು ಎಂದೋ ಯಾರಿಗಾದರೂ ಅನ್ನಿಸುತ್ತದೆ. ಅವಳು ಎರಡನ್ನೂ ಒಪ್ಪಲಿಲ್ಲ. "ಲೆಕ್ಕ ಮಾಡುವುದಕ್ಕೆ ನನಗೆ ಹೊತ್ತೇ ಸಿಗುತ್ತಿಲ್ಲ" ಎಂದಳು. ಹಾಗಾದರೆ ಒಂದು ವಾರದ ಹೊತ್ತು ಎಲ್ಲೆಲ್ಲಿ ಹೋಗುತ್ತದೆ ಎಂಬುದನ್ನು ಬರೆದು ತಾ ಎಂದು ಹೇಳಿ ಕಳುಹಿಸಿದೆ.

ಅವಳು ಬರೆದು ತಂದ ಹಾಳೆಯಲ್ಲಿ ಶಾಲೆಯ ವೈವಿಧ್ಯ ಸಮಿತಿಯ ಅಧ್ಯಕ್ಷತೆ ಇತ್ತು, ಶಾಲಾ ಮಂಡಳಿಯ ಸಭೆಗಳಲ್ಲಿ ವಿದ್ಯಾರ್ಥಿ ಪ್ರತಿನಿಧಿಯ ಸ್ಥಾನವಿತ್ತು, ಹೊಸದಾಗಿ ಸೇರಲು ಬರುವ ಕುಟುಂಬಗಳಿಗೆ ಶಾಲೆಯನ್ನು ತೋರಿಸುವ ಕೆಲಸವಿತ್ತು, ಫೆಬ್ರವರಿಯಲ್ಲಿ ನಡೆಯುವ ಕಪ್ಪು ಇತಿಹಾಸ ಮಾಸದ ಕಾರ್ಯಕ್ರಮದ ಪೂರ್ತಿ ಹೊಣೆಯಿತ್ತು. ಶಾಲೆಯ ಪರಿಚಯ ಪುಸ್ತಿಕೆಯ ಮುಖಪುಟದಲ್ಲಿಯೂ ಅವಳದೇ ಚಿತ್ರ. ಇವುಗಳಲ್ಲಿ ಒಂದನ್ನೂ ಅವಳು ಕೇಳಿ ಪಡೆದಿರಲಿಲ್ಲ. ಅವಳಾಗಿ ಕೇಳಿದ್ದು ಗಣಿತ ಸ್ಪರ್ಧಾ ತಂಡದ ನಾಯಕತ್ವವೊಂದನ್ನು ಮಾತ್ರ. ಅದು ಬೇರೊಬ್ಬರಿಗೆ ಹೋಗಿತ್ತು, ಯಾವ ಆಧಾರದ ಮೇಲೆ ಎಂಬುದನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ.

ಈ ಪ್ರಕರಣದ ತಿರುಳು ಆ ಹಾಳೆಯಲ್ಲಿಯೇ ಇತ್ತೆಂದು ನನ್ನ ಅಭಿಪ್ರಾಯ. ಪ್ರತಿಭೆಯುಳ್ಳ ಕಪ್ಪು ಜನಾಂಗದ ಮಕ್ಕಳಿಗೆ ನಾಯಕತ್ವದ ಅವಕಾಶ ಕೊಡಬೇಕೆಂದು ಶಾಲೆಗಳು ಇಂದು ಪ್ರಾಮಾಣಿಕವಾಗಿಯೇ ಬಯಸುತ್ತವೆ. ಆದರೆ ಕೊಡುವಾಗ ಆ ಮಕ್ಕಳ ಕೈಗೆ ಬರುವುದು ತಮ್ಮ ಜನಾಂಗದ ಪರವಾಗಿ ನಿಂತು ಮಾತನಾಡುವ ಹುದ್ದೆಗಳೇ ಹೊರತು, ಆ ಮಗುವಿಗೆ ನಿಜವಾಗಿ ಒಲಿದಿರುವ ವಿದ್ಯೆಯಲ್ಲಿ ಇತರರನ್ನು ಮುನ್ನಡೆಸುವ ಹುದ್ದೆಗಳಲ್ಲ. ಮೊದಲ ಬಗೆಯ ಹುದ್ದೆಗಳು ಗೌರವದ ರೂಪದಲ್ಲಿ ಬರುವುದರಿಂದ ಅವುಗಳ ಭಾರ ಯಾರಿಗೂ ಕಾಣಿಸುವುದಿಲ್ಲ, ಹೊತ್ತವರಿಗೂ ಬೇಗ ತಿಳಿಯುವುದಿಲ್ಲ.

ನವೋಮಿ ಆ ಆನರ್ಸ್ ತರಗತಿಯವರೆಗೆ ಬಂದ ದಾರಿಯನ್ನು ಸ್ವಲ್ಪ ವಿವರಿಸಬೇಕು. ಇಲ್ಲಿನ ಶಾಲೆಗಳಲ್ಲಿ ಗಣಿತವನ್ನು ಸಾಮಾನ್ಯವಾಗಿ ಆಲ್ಜೀಬ್ರಾ ಒಂದು, ಜ್ಯಾಮಿತಿ, ಆಲ್ಜೀಬ್ರಾ ಎರಡು, ಪ್ರಿ-ಕ್ಯಾಲ್ಕುಲಸ್, ಕ್ಯಾಲ್ಕುಲಸ್ ಎಂಬ ಕ್ರಮದಲ್ಲಿ ವರ್ಷಕ್ಕೊಂದರಂತೆ ಕಲಿಸುತ್ತಾರೆ. ಎಂಟನೆಯ ತರಗತಿಯಲ್ಲಿ ಆಲ್ಜೀಬ್ರಾ ಆರಂಭಿಸಿದ ಮಗು ಹನ್ನೆರಡರಲ್ಲಿ ಕ್ಯಾಲ್ಕುಲಸ್ ತಲುಪುತ್ತದೆ. ಒಂಬತ್ತರಲ್ಲಿ ಆರಂಭಿಸಿದರೆ ಪ್ರಿ-ಕ್ಯಾಲ್ಕುಲಸ್‌ನಲ್ಲಿಯೇ ಹೈಸ್ಕೂಲು ಮುಗಿದುಹೋಗುತ್ತದೆ. ಎಂಜಿನಿಯರಿಂಗ್ ಅಥವಾ ಗಣಿತ ಓದಬೇಕೆನ್ನುವವರಿಗೆ ಈ ಒಂದು ವರ್ಷದ ಅಂತರ ದೊಡ್ಡದು. ನವೋಮಿಯನ್ನು ಎಂಟನೆಯ ತರಗತಿಯ ಆಲ್ಜೀಬ್ರಾಗೆ ಯಾರೂ ಶಿಫಾರಸು ಮಾಡಿರಲಿಲ್ಲ. ಹಾಗೆ ಶಿಫಾರಸು ಕೇಳಬಹುದೆಂಬುದೇ ಅವಳ ತಾಯಿಗೆ ಗೊತ್ತಿರಲಿಲ್ಲ. ಹತ್ತನೆಯ ತರಗತಿಯಲ್ಲಿ ಅವಳು ತಾನಾಗಿ ಜ್ಯಾಮಿತಿಯನ್ನೂ ಎರಡನೆಯ ಆಲ್ಜೀಬ್ರಾವನ್ನೂ ಒಟ್ಟಿಗೆ ತೆಗೆದುಕೊಂಡು ಆ ವರ್ಷವನ್ನು ತುಂಬಿಕೊಂಡಿದ್ದಳು. ಅಷ್ಟು ಶ್ರಮಪಟ್ಟು ಸೇರಿದ ತರಗತಿಯನ್ನು ಈಗ ಸಮಿತಿಗಳಿಗೋಸ್ಕರ ಬಿಡಲು ಹೊರಟಿದ್ದಳು.

ಶಿಫಾರಸನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಫ್ಲಾರಿಡಾದ ಬ್ರೊವಾರ್ಡ್ ಕೌಂಟಿಯ ಅನುಭವವನ್ನು ನಾನು ನಮ್ಮ ಶಿಕ್ಷಕರಿಗೆ ಆಗಾಗ ಹೇಳುತ್ತಿರುತ್ತೇನೆ. ಅಲ್ಲಿ 2005ರಲ್ಲಿ, ಪ್ರತಿಭಾವಂತ ಮಕ್ಕಳ ವಿಶೇಷ ತರಗತಿಗೆ ಶಿಕ್ಷಕರೋ ಪೋಷಕರೋ ಹೆಸರಿಸಿದವರನ್ನು ಮಾತ್ರ ಪರೀಕ್ಷಿಸುವ ಪದ್ಧತಿಯನ್ನು ಕೈಬಿಟ್ಟು, ಎರಡನೆಯ ತರಗತಿಯ ಎಲ್ಲ ಮಕ್ಕಳಿಗೂ ಒಂದು ಪ್ರಾಥಮಿಕ ಪರೀಕ್ಷೆ ನಡೆಸಲಾಯಿತು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಲಾರಾ ಜ್ಯುಲಿಯಾನೊ ಅವರ ಅಧ್ಯಯನದ ಪ್ರಕಾರ, ಅರ್ಹತೆಯ ಮಟ್ಟವನ್ನು ಬದಲಿಸದಿದ್ದರೂ ಆ ತರಗತಿಗಳಿಗೆ ಆಯ್ಕೆಯಾದ ಬಡ, ಕಪ್ಪು ಮತ್ತು ಲ್ಯಾಟಿನ್ ಅಮೆರಿಕ ಮೂಲದ ಮಕ್ಕಳ ಸಂಖ್ಯೆ ಗಣನೀಯವಾಗಿ ಏರಿತು. ಹಣದ ಕೊರತೆಯಿಂದ ಆ ಕ್ರಮ ನಿಂತಾಗ ಗಳಿಕೆಯೂ ಕರಗಿತು. ಆ ಮಕ್ಕಳು ಮೊದಲೂ ಅಲ್ಲಿಯೇ ಇದ್ದರು. ಅವರ ಹೆಸರು ಹೇಳುವವರು ಇರಲಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಾದ ನಮ್ಮವರ ವಿಷಯದಲ್ಲಿ ಈ ಕೊರತೆಯಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಯಾವ ತರಗತಿಗೆ ಯಾವ ಪರೀಕ್ಷೆ, ಬೇಸಿಗೆಯಲ್ಲಿ ಜ್ಯಾಮಿತಿ ಎಲ್ಲಿ ಮುಗಿಸಬಹುದು, ಶಿಕ್ಷಕರು ಬೇಡವೆಂದರೂ ಪೋಷಕರು ಸಹಿ ಹಾಕಿ ಮಗುವನ್ನು ಮೇಲಿನ ತರಗತಿಗೆ ಸೇರಿಸಲು ಅವಕಾಶವಿದೆಯೇ ಎಂಬುದೆಲ್ಲ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿಯೇ ಒಬ್ಬರಿಂದ ಒಬ್ಬರಿಗೆ ತಲುಪಿಬಿಡುತ್ತದೆ. ನಮ್ಮ ಮಕ್ಕಳ ಶ್ರಮವನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಆ ಮಾಹಿತಿಯೂ ಒಂದು ಆಸ್ತಿಯೇ, ಅದು ಎಲ್ಲರ ಮನೆಯಲ್ಲಿಯೂ ಇರುವುದಿಲ್ಲ.

ನವೋಮಿಯ ತಾಯಿ ವೃದ್ಧರ ಮನೆಗಳಿಗೆ ಹೋಗಿ ಆರೈಕೆ ಮಾಡುವ ಕೆಲಸದವರು, ಹೆಚ್ಚಾಗಿ ರಾತ್ರಿ ಪಾಳಿ. ಬಿಡುವಿನ ದಿನ ನೋಡಿಕೊಂಡು ಬಂದರು. ಮಗಳು ಕೆಲವು ಹುದ್ದೆಗಳನ್ನು ಬಿಡುವುದು ಒಳ್ಳೆಯದೆಂದು ನಾನು ಹೇಳಿದಾಗ ಅವರು ಒಪ್ಪಲಿಲ್ಲ. "ಕೊಟ್ಟದ್ದನ್ನು ಬೇಡವೆಂದರೆ ಸೊಕ್ಕು ಎನ್ನುತ್ತಾರೆ. ಬೇರೆ ಮಕ್ಕಳು ಬೇಡವೆಂದರೆ ಅವರಿಗೆ ಬಿಡುವಿಲ್ಲ ಎಂದುಕೊಳ್ಳುತ್ತಾರೆ. ನನ್ನ ಮಗಳಿಗೆ ನಾಳೆ ಶಿಫಾರಸು ಪತ್ರ ಬರೆಯುವವರು ಇವರೇ ಅಲ್ಲವೇ?" ಎಂದರು. ಈ ಮಾತನ್ನು ಹಳೆಯ ಕಾಲದ ಅಂಜಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ಇದೇ ದೇಶದಲ್ಲಿ ಅವರು ತಮ್ಮ ಬದುಕಿನಿಂದ ಕಲಿತ ಲೆಕ್ಕಾಚಾರವದು, ಬಹಳಷ್ಟು ಸಲ ಸರಿಯೇ ಇರುತ್ತದೆ. ಆದುದರಿಂದ ಬೇಡವೆನ್ನುವುದು ಹೇಗೆ ಎಂಬುದೇ ನಮ್ಮ ಮುಂದಿನ ಭೇಟಿಗಳ ಮುಖ್ಯ ವಿಷಯವಾಯಿತು.

ತಾಯಿಗೆ ನಾನು ಹೇಳಿದ್ದು ಇಷ್ಟು: ನೀವು ಭಯಪಡುವ ಪರಿಣಾಮ ಬರಬಹುದು, ಬಾರದಂತೆ ನೋಡಿಕೊಳ್ಳುವ ಹೊಣೆ ನಿಮ್ಮ ಮಗಳದ್ದಲ್ಲ, ನನ್ನದು. ಅವಳು ಬಿಡುವ ಹುದ್ದೆಯ ವಿಷಯವನ್ನು ಮೊದಲು ನಾನು ಸಂಬಂಧಪಟ್ಟ ಶಿಕ್ಷಕರಿಗೆ ಶೈಕ್ಷಣಿಕ ಕಾರಣವೆಂದು ಬರಹದಲ್ಲಿ ತಿಳಿಸುತ್ತೇನೆ, ಆಮೇಲೆ ಅವಳ ಪತ್ರ ಹೋಗುತ್ತದೆ. ಕಾಲೇಜಿನ ಶಿಫಾರಸು ಪತ್ರಗಳಲ್ಲಿ ತೂಕವಿರುವುದು ಪಾಠ ಹೇಳಿದ ಶಿಕ್ಷಕರ ಪತ್ರಕ್ಕೆ. ಗಣಿತದ ಶಿಕ್ಷಕರು ಅವಳ ಬಗ್ಗೆ ಬರೆಯಲು ಏನಾದರೂ ಇರಬೇಕಾದರೆ ಅವಳು ಆ ತರಗತಿಯಲ್ಲಿ ಉಳಿಯಬೇಕು. ತಾಯಿ ಒಪ್ಪಿದ್ದು ಈ ಕೊನೆಯ ಮಾತಿಗೆ ಎಂದು ತೋರುತ್ತದೆ.

ನವೋಮಿಗೆ ಮೊದಲು ಕೊಟ್ಟ ಸಲಹೆ, ದಣಿದಿರುವಾಗ ತರಗತಿ ಬಿಡುವ ತೀರ್ಮಾನ ಬೇಡ, ಅರ್ಜಿಯನ್ನು ಅವಧಿ ಮುಗಿಯುವವರೆಗೆ ತಡೆಹಿಡಿ ಎಂಬುದು. ಬಳಿಕ ಹಾಳೆಯಲ್ಲಿದ್ದ ಪ್ರತಿಯೊಂದು ಹುದ್ದೆಯ ಎದುರಿಗೆ, ನಿನ್ನ ಬಣ್ಣ ಬೇರೆಯಾಗಿದ್ದರೂ ಇದಕ್ಕೆ ನಿನ್ನನ್ನೇ ಕರೆಯುತ್ತಿದ್ದರೇ, ಇದರಲ್ಲಿ ನೀನು ಏನನ್ನಾದರೂ ತೀರ್ಮಾನಿಸುತ್ತೀಯೋ ಅಥವಾ ಕಾಣಿಸಿಕೊಳ್ಳುತ್ತೀಯೋ ಎಂದು ಬರೆಯಲು ಹೇಳಿದೆ. ಬಂದ ಉತ್ತರಗಳಲ್ಲಿ ಒಂದು ನಾನು ಊಹಿಸದಿದ್ದದ್ದು. ಶಾಲಾ ಮಂಡಳಿಯ ಪ್ರತಿನಿಧಿಯ ಸ್ಥಾನವನ್ನು ಅವಳು ಉಳಿಸಿಕೊಳ್ಳಬಯಸಿದಳು. ಅಲ್ಲಿ ಆಯವ್ಯಯದ ಕಾಗದಗಳು ಕೈಗೆ ಸಿಗುತ್ತವೆ, ಅವುಗಳನ್ನು ಓದುವುದು ತನಗೆ ಇಷ್ಟ ಎಂದಳು. ಸಮಿತಿಯ ಅಧ್ಯಕ್ಷತೆ ಮತ್ತು ಫೆಬ್ರವರಿಯ ಕಾರ್ಯಕ್ರಮದ ಹೊಣೆಯನ್ನು ಬಿಡಲು ಇಬ್ಬರೂ ಕೂತು ಚಿಕ್ಕದೊಂದು ಪತ್ರ ಬರೆದೆವು. ಅದರಲ್ಲಿ ಕ್ಷಮೆ ಕೇಳಿರಲಿಲ್ಲ. ಕೃತಜ್ಞತೆ ಇತ್ತು, ಬಿಡುವ ದಿನಾಂಕವಿತ್ತು, ಈ ಹೊಣೆಯನ್ನು ಒಬ್ಬ ವಿದ್ಯಾರ್ಥಿಯ ಬದಲು ಶಿಕ್ಷಕರೊಬ್ಬರು ವಹಿಸಿಕೊಳ್ಳುವುದು ಸೂಕ್ತವೆಂಬ ಸೂಚನೆಯಿತ್ತು. ಗಣಿತ ತಂಡದ ತರಬೇತುದಾರರಿಗೆ ಬರೆದ ಇನ್ನೊಂದು ಪತ್ರದಲ್ಲಿ, ಮುಂದಿನ ವರ್ಷದ ನಾಯಕರನ್ನು ಯಾವ ಆಧಾರದ ಮೇಲೆ ಆರಿಸುತ್ತೀರಿ ಎಂಬುದನ್ನು ಎಲ್ಲ ಸದಸ್ಯರಿಗೂ ಬರಹದಲ್ಲಿ ತಿಳಿಸಬೇಕೆಂದು ಕೇಳಿಕೊಂಡಳು. ಹಿಂದಿನ ಆಯ್ಕೆಯ ಬಗ್ಗೆ ಒಂದು ಮಾತನ್ನೂ ಎತ್ತಬಾರದೆಂದು ನಾನೇ ಹೇಳಿದ್ದೆ.

ಇನ್ನೊಂದು ಸಂಗತಿ ಮಾತಿನ ನಡುವೆ ಹೊರಬಿತ್ತು: ಅವಳು ಯಾವಾಗಲೂ ಒಬ್ಬಳೇ ಓದುತ್ತಿದ್ದಳು. ತನ್ನ ಸಂಶಯಗಳು ಇತರರಿಗೆ ತಿಳಿಯಬಾರದೆಂಬುದು ಅವಳ ನಿಯಮ. 1970ರ ದಶಕದ ಕೊನೆಯಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತಜ್ಞ ಯೂರಿ ಟ್ರೈಸ್ಮನ್ ಕಂಡದ್ದು ಇದನ್ನೇ. ಚೆನ್ನಾಗಿ ಓದಿ ಬಂದ ಕಪ್ಪು ಜನಾಂಗದ ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಹಿಂದೆ ಬೀಳುವುದು ಏಕೆಂದು ಕೇಳಿದಾಗ ಅಧ್ಯಾಪಕರು ಆಸಕ್ತಿಯ ಕೊರತೆ, ಕುಟುಂಬದ ಹಿನ್ನೆಲೆ ಮುಂತಾದ ಕಾರಣಗಳನ್ನು ಹೇಳಿದ್ದರು. ಟ್ರೈಸ್ಮನ್ ವಿದ್ಯಾರ್ಥಿಗಳ ಜೊತೆಗೇ ಇದ್ದು ಗಮನಿಸಿದಾಗ, ಅವರು ಶ್ರದ್ಧೆಯಿಂದ, ಆದರೆ ಒಂಟಿಯಾಗಿ ಓದುತ್ತಿದ್ದುದು ತಿಳಿಯಿತು. ಚೀನೀ ಮೂಲದ ವಿದ್ಯಾರ್ಥಿಗಳು ಒಟ್ಟಿಗೆ ಕೂತು ಉತ್ತರ ಹೋಲಿಸಿ, ಒಬ್ಬರನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್ಮನ್ ಏರ್ಪಡಿಸಿದ ಕಮ್ಮಟದಲ್ಲಿ ದುರ್ಬಲರಿಗಾಗಿ ಸುಲಭ ಪಾಠಗಳಿರಲಿಲ್ಲ. ತರಗತಿಯದಕ್ಕಿಂತ ಕಠಿಣವಾದ ಲೆಕ್ಕಗಳನ್ನು ಕೊಟ್ಟು ಗುಂಪಿನಲ್ಲಿ ಬಿಡಿಸಲು ಬಿಟ್ಟರು, ಫಲಿತಾಂಶ ಸ್ಪಷ್ಟವಾಗಿ ಸುಧಾರಿಸಿತು. 1989ರಲ್ಲಿ ಆರಂಭವಾದ, ಕಾಲೇಜು ವಿದ್ಯಾರ್ಥಿವೇತನದ ಸಂಸ್ಥೆಯಾದ ಪಾಸಿ ಫೌಂಡೇಷನ್ ಕೂಡ ಸುಮಾರು ಹತ್ತು ವಿದ್ಯಾರ್ಥಿಗಳನ್ನು ಒಂದು ತಂಡವಾಗಿ ಒಂದೇ ಕಾಲೇಜಿಗೆ ಕಳುಹಿಸುವುದು ಇದೇ ತಿಳಿವಳಿಕೆಯಿಂದ. ಆದುದರಿಂದ ನವೋಮಿಗೆ, ಸಹಾಯ ಕೇಳು ಎನ್ನುವ ಬದಲು, ಗುಂಪು ಕಟ್ಟು ಎಂದೆ. ಹತ್ತನೆಯ ತರಗತಿಯಲ್ಲಿ ಎರಡು ಗಣಿತವನ್ನು ಒಟ್ಟಿಗೆ ತೆಗೆದುಕೊಂಡವರು ಇನ್ನೂ ಕೆಲವರಿದ್ದರು. ಅವರನ್ನೂ ತನ್ನ ತರಗತಿಯ ಇಬ್ಬರನ್ನೂ ಸೇರಿಸಿ, ಸಮಿತಿಯ ಸಭೆ ನಡೆಯುತ್ತಿದ್ದ ಹೊತ್ತಿನಲ್ಲಿಯೇ ಗ್ರಂಥಾಲಯದಲ್ಲಿ ಕೂರಲು ಆರಂಭಿಸಿದಳು. ಲೆಕ್ಕಗಳನ್ನು ಆರಿಸುವವಳು ಅವಳೇ.

ಒಂದು ಭೇಟಿಯಲ್ಲಿ, ತನ್ನನ್ನು ಯಾವಾಗಲೂ "ಒಬ್ಬ ಕಪ್ಪು ವಿದ್ಯಾರ್ಥಿನಿ" ಎಂದೇ ಪರಿಚಯಿಸುತ್ತಾರೆ, ಅದು ಸುಳ್ಳಲ್ಲ, ಆದರೂ ಸಿಟ್ಟು ಬರುತ್ತದೆ, ಸಿಟ್ಟು ಬಂದುದಕ್ಕೆ ನಾಚಿಕೆಯಾಗುತ್ತದೆ ಎಂದಳು. ನಾನು ಮೈಸೂರಿನವಳಾದುದರಿಂದ ನನಗೆ ಕಪ್ಪು ಜನಾಂಗದ ಶಿಕ್ಷಣತಜ್ಞ ಬೆಂಜಮಿನ್ ಮೇಸ್ ನೆನಪಾದರು. ದಕ್ಷಿಣ ಕ್ಯಾರೊಲಿನಾದಲ್ಲಿ ಹುಟ್ಟಿ, ಮೇನ್ ರಾಜ್ಯದ ಬೇಟ್ಸ್ ಕಾಲೇಜಿನಲ್ಲಿ 1920ರಲ್ಲಿ ಪದವಿ ಪಡೆದು, ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ ಗಣಿತ ಕಲಿಸಿ, 1940ರಿಂದ 1967ರವರೆಗೆ ಅದರ ಅಧ್ಯಕ್ಷರಾಗಿದ್ದವರು ಅವರು. ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿ ಅವರ ಕಾಲದ ವಿದ್ಯಾರ್ಥಿ. 1937ರ ಆರಂಭದಲ್ಲಿ ಕ್ರೈಸ್ತ ಯುವಕರ ಸಂಘಟನೆಯಾದ ವೈಎಂಸಿಎಯ ವಿಶ್ವ ಸಮ್ಮೇಳನಕ್ಕೆಂದು ಮೇಸ್ ಮೈಸೂರಿಗೆ ಬಂದಿದ್ದಾಗ, ಅಸ್ಪೃಶ್ಯರೆನಿಸಿಕೊಂಡಿದ್ದ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು, ಅಮೆರಿಕದಲ್ಲಿ ಅಸ್ಪೃಶ್ಯರಾಗಿದ್ದೂ ಮೇಲೆ ಬಂದವರು ಎಂದು ಮಕ್ಕಳಿಗೆ ಪರಿಚಯಿಸಿದರು. ಮೇಸ್‌ಗೆ ಮೊದಲು ಸಿಟ್ಟು ಬಂದಿತ್ತು; ಯೋಚಿಸಿದಾಗ, ತಮ್ಮ ದೇಶದಲ್ಲಿ ತಮ್ಮ ಸ್ಥಿತಿ ಅದೇ ಎಂದು ಅರಿವಾಯಿತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಸಿಟ್ಟೂ ಅರಿವೂ ಒಟ್ಟಿಗೆ ಇರಬಹುದೆಂದು ತೋರಿಸಲು ಇದನ್ನು ಹೇಳಿದೆ. ಅವಳು ಕೇಳಿದ್ದು, "ಅವರು ಗಣಿತದ ಮೇಷ್ಟರೇ?" ಎಂದು.

ಕಾಲೇಜಿನ ವಿಷಯದಲ್ಲಿ ಅವಳ ಆತಂಕ ಪ್ರವೇಶದ ಅರ್ಜಿಯೊಂದಿಗೆ ಬರೆಯಬೇಕಾದ ಪ್ರಬಂಧದ ಬಗ್ಗೆ. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್, ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಪದ್ಧತಿಯನ್ನು ಸಂವಿಧಾನಬಾಹಿರವೆಂದು ತೀರ್ಮಾನಿಸಿತು. ಆದರೆ ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ವಿದ್ಯಾರ್ಥಿ ತಾನೇ ಬರೆದರೆ, ಅದರಿಂದ ವ್ಯಕ್ತವಾಗುವ ಗುಣ ಮತ್ತು ಸಾಮರ್ಥ್ಯವನ್ನು ಕಾಲೇಜು ಪರಿಗಣಿಸಬಹುದೆಂದು ಮುಖ್ಯ ನ್ಯಾಯಮೂರ್ತಿಗಳು ಅದೇ ತೀರ್ಪಿನಲ್ಲಿ ಹೇಳಿದ್ದಾರೆ. ಹೀಗಾಗಿ ಇಂಥ ಮಕ್ಕಳಿಗೆ, ನಿನ್ನ ನೋವನ್ನು ಬರೆ ಎಂಬ ಸಲಹೆ ಎಲ್ಲ ಕಡೆಯಿಂದಲೂ ಬರತೊಡಗಿದೆ. ನಾನು ಆ ಸಲಹೆ ಕೊಡಲಿಲ್ಲ. ಬರೆಯಬೇಕೆನ್ನಿಸಿದರೆ ಬರೆ, ಕಳೆದುಹೋದ ಆಲ್ಜೀಬ್ರಾ ವರ್ಷವನ್ನು ಹೇಗೆ ತುಂಬಿಕೊಂಡೆ ಎಂದು ಬರೆದರೂ ಅದು ನಿನ್ನ ಬದುಕೇ, ಜನಾಂಗದ ಹೆಸರೆತ್ತದೆ ಲೆಕ್ಕದ ಬಗ್ಗೆ ಮಾತ್ರ ಬರೆದರೂ ತಪ್ಪಿಲ್ಲ ಎಂದೆ. ಕಡಿಮೆ ಆದಾಯದ ಕುಟುಂಬಗಳ ಮಕ್ಕಳಿಗೆ ಕಾಲೇಜು ಪ್ರವೇಶ ಮತ್ತು ವಿದ್ಯಾರ್ಥಿವೇತನ ಕೊಡಿಸುವ ಕ್ವೆಸ್ಟ್‌ಬ್ರಿಜ್ ಯೋಜನೆಗೆ ಹನ್ನೆರಡನೆಯ ತರಗತಿಯ ಸೆಪ್ಟೆಂಬರ್ ಕೊನೆಯೊಳಗೆ ಅರ್ಜಿ ಹಾಕಬೇಕೆಂದು ತಿಳಿಸಿದೆ. ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿನಂಥ, ಚಾರಿತ್ರಿಕವಾಗಿ ಕಪ್ಪು ಜನಾಂಗದವರಿಗಾಗಿಯೇ ಸ್ಥಾಪಿತವಾದ ಸಂಸ್ಥೆಗಳನ್ನೂ ಪಟ್ಟಿಗೆ ಸೇರಿಸಲು ಹೇಳಿದೆ. ಅಲ್ಲಿ ಗಣಿತದ ತರಗತಿಯಲ್ಲಿ ಅವಳು ಯಾರ ಪ್ರತಿನಿಧಿಯಾಗಿಯೂ ಕೂರಬೇಕಾಗಿಲ್ಲ.

ಶಾಲೆಗೆ ನಾನು ಕೊಟ್ಟ ಟಿಪ್ಪಣಿ ಚಿಕ್ಕದು: ಏಳನೆಯ ತರಗತಿಯ ಎಲ್ಲ ಮಕ್ಕಳಿಗೂ ಆಲ್ಜೀಬ್ರಾ ಅರ್ಹತಾ ಪರೀಕ್ಷೆ ನಡೆಸಿ, ವಿದ್ಯಾರ್ಥಿ ಹುದ್ದೆಗಳಿಗೆ ಆಯ್ಕೆಯ ಆಧಾರವನ್ನು ಮೊದಲೇ ಪ್ರಕಟಿಸಿ. ಎರಡನೆಯದು ಜಾರಿಗೆ ಬಂದಿದೆ. ಮೊದಲನೆಯದಕ್ಕೆ ಆಯವ್ಯಯದಲ್ಲಿ ಹಣವಿಲ್ಲವೆಂಬ ಉತ್ತರ ಬಂದಿದೆ. ಆ ಆಯವ್ಯಯದ ಪುಟವನ್ನು ನನಗೆ ತೋರಿಸಿ, ಹಣ ಬೇರೆ ಯಾವ ಬಾಬಿಗೆ ಹೋಗಿದೆ ಎಂದು ಹೇಳಿದವಳು ನವೋಮಿ. ಮುಂದಿನ ಮಂಡಳಿ ಸಭೆಯಲ್ಲಿ ಅದನ್ನು ಕೇಳುವ ಯೋಚನೆಯಲ್ಲಿದ್ದಾಳೆ. ಆನರ್ಸ್ ತರಗತಿಯನ್ನು ಅವಳು ಬಿಡಲಿಲ್ಲ. ಗಣಿತ ತಂಡದ ಮುಂದಿನ ನಾಯಕರ ಆಯ್ಕೆ ಇನ್ನೂ ನಡೆದಿಲ್ಲ.